ಮಲ್ಲಿಕಾನ್ನ ನೋಡಿದೋರು

ಇದು ನಡೆದಿದ್ದೇ ಮಾರಾಯ್ರೆ, ಒಂದಕ್ಷರ ನಾನು ಸೇರ್ಸಿಲ್ಲ. ಸುಳ್ಳಾದ್ರೆ ಸಿರಿಮನೆ ಫಾಲ್ಸಿನ ನೀರು ನಾಳೆ ಬೆಳಿಗ್ಗೆಯಿಂದ ಕೆಳಗಿಂದ ಮೇಲಕ್ಕೆ ಹತ್ಲಿ, ಕಿಗ್ಗದೋರೆಲ್ಲ ನನ್ನ ಮನೆ ಬಾಗ್ಲಿಗೆ ಬಂದು ನಿಂತು ಬೈಲಿ. ಅಲ್ಲೊಂದು ಇಲ್ಲೊಂದು ಕಡೆ ಒಂಚೂರು ಉಪ್ಪು ಬಿದ್ದಿರ್ಬಹುದು, ಅದು ಬಿಡಿ. ಉಪ್ಪಿಲ್ದೇ ಇರೋ ಗಂಜಿ ನೀವಾದ್ರೂ ಕುಡೀತೀರಾ?

ಶೃಂಗೇರಿ ಹತ್ರದ ಮೆಣಸೆಯಲ್ಲಿ ಮಲ್ಲಿಕಾ ಅಂತ ಒಬ್ಳಿದ್ಲು. ಈಗ್ಲೂ ಇದ್ದಾಳೆ. ನಾನು ಹೇಳ್ತಿರೋದು ಎರಡು ಸಾವಿರದ ನಾಲ್ಕೋ ಐದೋ ಇಸವಿ ಮಾತು. ಆಗ ಅವಳಿಗೆ ಮೂವತ್ತರ ಹತ್ರ. ನರಸಿಂಹರಾಜಪುರದ ಕಡೆ ಕೊಟ್ಟಿದ್ರು. ಮದುವೆಯಾಗಿ ಎರಡು ಮಳೆಗಾಲ ಕಳೆಯೋದ್ರೊಳಗೆ ಫಿಟ್ಸು ಶುರುವಾಯ್ತು. ಗಂಡನ ಮನೆಯೋರು, "ಸ್ವಲ್ಪ ದಿನ ತವರಲ್ಲಿದ್ದು ಸುಧಾರಿಸ್ಕಂಡು ಬಾ" ಅಂತ ಬಸ್ಸು ಹತ್ಸಿ ಕೈ ಬೀಸಿದ್ರು. ಆ ಸ್ವಲ್ಪ ದಿನ ಇನ್ನೂ ಮುಗ್ದಿಲ್ಲ ನೋಡಿ.

ಅವಳ ಅಣ್ಣ ಜಯಪ್ರಕಾಶ, ಕೆಟ್ಟೋನಲ್ಲ. ಊಟಕ್ಕೆ, ಬಟ್ಟೆಗೆ ಕಮ್ಮಿ ಮಾಡ್ಲಿಲ್ಲ. ಆದ್ರೆ ಒಲೆ ಹತ್ರ ಹೋಗ್ಬೇಡ ಅಂದ. ಬಾವಿ ಹತ್ರ ಹೋಗ್ಬೇಡ ಅಂದ. ಹೊಳೆ ಕಡೆ ತಲೆನೂ ಹಾಕ್ಬೇಡ ಅಂದ. ಇವೆಲ್ಲ ಮಲ್ಲಿಕಾ ಹೆಂಗೋ ಸಹಿಸ್ಕಂಡ್ಲು. ಸಹಿಸೋಕಾಗ್ದೇ ಇದ್ದಿದ್ದು ಒಂದೇ. ಅಡಿಕೆ ಸುಲಿಯೋಕೆ ಕೂರಬೇಡ ಅಂದಿದ್ದು.

ಸುಲಿಯೋದು ಅಂದ್ರೆ ಬರೀ ಕೆಲಸ ಅಂದ್ಕೋಬೇಡಿ. ದೀಪಾವಳಿ ಕಳೆದು ಚಳಿ ಬಿತ್ತು ಅಂದ್ರೆ ಕೇರಿ ಹೆಂಗಸ್ರು, ಗಂಡಸ್ರು ಎಲ್ಲ ಒಂದೇ ಚಪ್ಪರದಡಿ ಸುತ್ತ ಕೂತ್ಕಂತಾರೆ. ಪ್ರತಿಯೊಬ್ರ ಮುಂದೂ ಒಂದು ಮೆಟ್ಟುಗತ್ತಿ, ಮಣೆಗೆ ನೆಟ್ಟ ಕತ್ತಿ ಅದು, ಕಾಲಲ್ಲಿ ಮೆಟ್ಕಂಡು ಹಸಿ ಅಡಿಕೆ ಸಿಪ್ಪೆ ಬಿಡ್ಸೋದು. ಕೈ ಸುಲೀತಿರುತ್ತೆ, ಬಾಯಿ ಊರನ್ನೆಲ್ಲ ಸುಲೀತಿರುತ್ತೆ. ಯಾರ ಮಗಳಿಗೆ ಗಂಡು ಬಂತು, ಯಾರ ಹಸು ಯಾರ ಬೇಲಿ ಹಾರ್ತು, ಎಲ್ಲ ಅಲ್ಲೇ ಗೊತ್ತಾಗೋದು. ವರ್ಷದ ಮಾತು ಅಲ್ಲಿ ಒಂದು ಹಂಗಾಮಲ್ಲಿ ಆಡಿ ಮುಗಿಸ್ತಾರೆ. ಮಲ್ಲಿಕಾ ಹುಡುಗಿಯಾಗಿದ್ದಾಗ ಆ ಚಪ್ಪರದಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿರ್ಲಿಲ್ಲ. ಅವಳು ಸುಲಿದು ಎಸೆದ ಅಡಿಕೆ ನೆಲಕ್ಕೆ ಬೀಳೋದ್ರೊಳಗೆ ಇನ್ನೊಂದು ಸುಲಿದಾಗಿರ್ತಿತ್ತು, ನಾನೇ ನೋಡಿದೀನಿ.

"ಕತ್ತಿ ಮುಂದೆ ಕೂತಾಗ ಬಂದ್ರೆ ಎಂತ ಮಾಡೋದೇ? ಅದರ ಮೇಲೇ ಬಿದ್ರೆ?" ಅಂದ್ಲು ಚಿಕ್ಕಕ್ಕ. ಚಪ್ಪರದ ಯಜಮಾನಿ ಅಂದ್ರೆ ಅವಳೇ, ವಯಸ್ಸಾದೋಳು, ಅವಳ ಮಾತು ಯಾರೂ ಮೀರ್ತಿರ್ಲಿಲ್ಲ. ಅವಳು ಹೇಳಿದ್ರಲ್ಲಿ ತಪ್ಪೂ ಇರ್ಲಿಲ್ಲ. ಹಂಗಾಗಿ ಮಲ್ಲಿಕಾಗೆ ಸಿಕ್ಕಿದ್ದು ತೋಟದಲ್ಲಿ ಉದುರಿದ ಅಡಿಕೆ ಹೆಕ್ಕೋ ಕೆಲಸ. ಬುಟ್ಟಿ ಹಿಡ್ಕಂಡು ಒಬ್ಳೇ ಬಗ್ಗಿ ಬಗ್ಗಿ ಹೋಗೋದು. ಮಾತಾಡಿದ್ರೆ ಬುಟ್ಟಿನೇ ಮಾತಾಡ್ಬೇಕು. ಸಂಜೆ ಚಪ್ಪರದಿಂದ ನಗು ಕೇಳ್ತಿತ್ತು. ಅವಳು ಆಚೆ ಕಟ್ಟೆ ಮೇಲೆ ಕೂತು, ಯಾವುದಕ್ಕೆ ನಗ್ತಿರ್ಬಹುದು ಅಂತ ಲೆಕ್ಕ ಹಾಕಿ, ಸ್ವಲ್ಪ ತಡವಾಗಿ ತಾನೂ ನಗ್ತಿದ್ಲು.

ಇನ್ನು ಕಬ್ಬಿಣದ ವಿಷಯ. ನಮ್ಮ ಕಡೆ ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ ಕೊಡ್ಬೇಕು, ಅದು ನಿಮಗೂ ಗೊತ್ತು. ಬಿದ್ದೋಳು ಬಿದ್ದಲ್ಲೇ ಇರ್ತಾಳೆ, ಇದ್ದಬದ್ದೋರೆಲ್ಲ ಕಬ್ಬಿಣ ಹುಡುಕ್ಕಂಡು ದಿಕ್ಕಾಪಾಲು ಓಡ್ತಾರೆ. ತಂದು ಕೈಲಿ ತುರುಕಿ, ಮುಷ್ಟಿ ಬಿಗಿಯಾಯ್ತಾ ನೋಡಿ, ಮತ್ತೆ ದೂರ ಹೋಗ್ತಾರೆ. ಯಾಕಂದ್ರೆ ಎಚ್ಚರಾಗೋವಾಗ ಬಿಡೋ ಉಸಿರು ತಾಗ್ಬಾರ್ದಂತೆ. ಹಿಂಗಾಗಿ ಮಲ್ಲಿಕಾ ಕಣ್ಣು ಬಿಟ್ರೆ ಪಕ್ಕದಲ್ಲಿ ಒಂದು ನರಪಿಳ್ಳೆ ಇರ್ತಿರ್ಲಿಲ್ಲ. ಕೈಲಿ ಮಾತ್ರ ಒಂದು ಕಬ್ಬಿಣ. ಒಂದ್ಸಲ ಬೀಗ. ಒಂದ್ಸಲ ಹಾರೆ. ಒಂದ್ಸಲ ಶೃಂಗೇರಿ ಬಸ್‌ಸ್ಟ್ಯಾಂಡಲ್ಲಿ ಬಿದ್ದಾಗ ಬಸ್ಸಿನ ಜಾಕೇ ತಂದು ಕೊಟ್ಟಿದ್ರಂತೆ, ಬಸ್ಸು ಪಂಕ್ಚರಾಗಿ ಅಲ್ಲೇ ಕಾಯ್ತಾ ನಿಂತಿತ್ತಂತೆ, ಇವಳು ಎಚ್ಚರಾಗಿ ಜಾಕ್ ವಾಪಸ್ ಕೊಡ್ಲಿ ಅಂತ.

ಅವಳು ಆ ಕಬ್ಬಿಣ ನೋಡೇ ಯಾರು ಬಂದಿದ್ರು ಅಂತ ತಿಳ್ಕಳ್ತಿದ್ಲು. ಓ, ಇದು ದೇವಕಕ್ಕನ ಮನೆ ಬೀಗ, ಹಂಗಾದ್ರೆ ದೇವಕಕ್ಕ ನನ್ನ ಹತ್ರ ಬಂದಿದ್ಲು. ನೆಟ್ಟಗೆ ನಿಲ್ಲೋಕೆ ಆಗೋವರೆಗೆ ಕೂತು, ಆಮೇಲೆ ಹೋಗಿ ಕೊಟ್ಟು ಬರ್ತಿದ್ಲು. ಅವರು, "ಅಲ್ಲೇ ಮೆಟ್ಲ ಮೇಲೆ ಇಡೇ" ಅಂತ ಒಳಗಿಂದ ಹೇಳ್ತಿದ್ರು. ಅವಳಿಗೆ ಬರ್ತಿದ್ದ ನೆಂಟ್ರು ಅಂದ್ರೆ ಇಷ್ಟೇ.

ಜಯಪ್ರಕಾಶ ತೋರ್ಸದೇ ಇರೋ ಡಾಕ್ಟ್ರಿಲ್ಲ. ಒಬ್ರು ನಿದ್ದೆ ಬರೋ ಮಾತ್ರೆ ಕೊಟ್ರು. ಅದನ್ನ ತಿಂದು ಮಲ್ಲಿಕಾ ಹಗಲೆಲ್ಲ ತೂಕಡಿಸಿದ್ಲು, ಫಿಟ್ಸು ಮಾತ್ರ ತೂಕಡಿಸ್ಲಿಲ್ಲ. ಇನ್ನೊಬ್ರು ತಲೆ ಸ್ಕ್ಯಾನ್ ಮಾಡ್ಸಿ ಅಂದ್ರು. ಅದೂ ಆಯ್ತು, ಎಂತ ಇಲ್ಲ ಅಂತ ಬಂತು. ಕಡೆಗೆ ಯಾರೋ ಹೇಳಿದ್ರು, ಕೊಪ್ಪದಲ್ಲಿ ಒಂದು ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ನರದ ಡಾಕ್ಟ್ರಮ್ಮ ಬರ್ತಾರೆ, ಶ್ರೀರಂಜನಿ ಅಂತ, ಸಣ್ಣ ಪ್ರಾಯ, ಆದ್ರೆ ಕೂತು ಕೇಳ್ತಾರೆ ಅಂತ.

ಅಣ್ಣ ತಂಗಿ ಹೋದ್ರು. ಡಾಕ್ಟ್ರಮ್ಮ ಮೊದ್ಲು ಕೇಳಿದ್ದೇ, "ಶುರು ಹೇಗಾಗತ್ತೆ ಮಲ್ಲಿಕಾ?"

"ನಂಗೆ ಹೆಂಗೆ ಗೊತ್ತಾಗ್ಬೇಕು ಡಾಕ್ಟ್ರೆ? ಇರ್ತೀನಿ. ಆಮೇಲೆ ಇರಲ್ಲ. ಆಮೇಲೆ ಮತ್ತೆ ಇರ್ತೀನಿ, ಕೈಲಿ ಒಂದು ಬೀಗ ಇರತ್ತೆ."

ಡಾಕ್ಟ್ರಮ್ಮ ನಗ್ಲಿಲ್ಲ. ಜಯಪ್ರಕಾಶನ ಕಡೆ ತಿರುಗಿದ್ರು. "ನೀವು ನೋಡಿದೀರಲ್ಲ? ಯಾವ ಕೈ ಮೊದ್ಲು?"

"ಬಲಗೈ," ಅಂದ ಅವನು, ಕೇಳೋದೇ ತಡ. "ಬಲಗೈ ಮುಷ್ಟಿ ಹಿಂಗೆ ಬಿಗಿಯಾಗತ್ತೆ. ನಮ್ಮ ಕೇರಿಲಿ ಯಾರನ್ನ ಬೇಕಾದ್ರೂ ಕೇಳಿ."

ಡಾಕ್ಟ್ರಮ್ಮ ಆ ಹಳೇ ಸ್ಕ್ಯಾನ್ ಫಿಲಮ್ಮು ತೆಗ್ದು ಬೆಳಕಿಗೆ ಹಿಡಿದ್ರು. ಬಲಗೈ ಆಡ್ಸೋದು ತಲೆಯ ಎಡಭಾಗ, ಎಡಗೈ ಆಡ್ಸೋದು ಬಲಭಾಗ, ದೇವರು ತಂತಿ ಎಳೆಯುವಾಗ ಅಡ್ಡಾದಿಡ್ಡಿ ಎಳ್ದಿದಾನಂತೆ. ಅದಕ್ಕೆ ಅವರು ಎಡಭಾಗನ ಅಕ್ಕಿ ಆರಿಸಿದ ಹಾಗೆ ಆರಿಸಿದ್ರು. ಎಂತ ಸಿಗ್ಲಿಲ್ಲ.

"ನೋಡಿ," ಅಂದ್ರು, "ಫಿಟ್ಸು ಒಂದೇ ಥರ ಅಲ್ಲ. ಕೆಲವು ತಲೆಯ ಒಂದು ಮೂಲೇಲಿ ಹುಟ್ಟಿ ಹರಡ್ತವೆ, ಕೆಲವು ಇಡೀ ತಲೆಗೆ ಒಟ್ಟಿಗೇ ಹತ್ಕಂತವೆ. ಅದಕ್ಕೊಂದು ಮಾತ್ರೆ, ಇದಕ್ಕೊಂದು. ಅದಲುಬದಲಾದ್ರೆ ಕೆಲವ್ರಿಗೆ ಜಾಸ್ತಿನೇ ಆಗತ್ತೆ. ಯಂತ್ರ ಇದನ್ನ ಪೂರ್ತಿ ಹೇಳಲ್ಲ. ಶುರುವಾಗೋದನ್ನ ಕಣ್ಣಾರೆ ನೋಡಿದೋರು ಹೇಳ್ಬೇಕು. ಬೀಳೋಕೆ ಮುಂಚೆ, ಮೊಟ್ಟಮೊದ್ಲು ಎಂತ ಆಯ್ತು? ನೀವು ನೋಡಿದ್ರಾ?"

ಜಯಪ್ರಕಾಶ ಹೇಳ್ದ, "ಆವಾಗ ನಾನು... ಅವಳು ಒಂಥರಾ ಆದ ಕೂಡ್ಲೇ ಕಬ್ಬಿಣ ತರೋಕೆ ಓಡಿರ್ತೀನಿ."

"ಹಂಗಾದ್ರೆ ನೋಡಿದೋರನ್ನ ಕರ್ಕಂಡು ಬನ್ನಿ. ಅಲ್ಲೀವರೆಗೆ ಅಂದಾಜಲ್ಲೇ ನಡೆಸ್ಬೇಕು. ಅಂದಾಜಲ್ಲಿ ನಿಮ್ಮ ಕೈಗೆ ಕತ್ತಿ ಕೊಡೋಕೆ ನಂಗೆ ಧೈರ್ಯ ಇಲ್ಲ ಮಲ್ಲಿಕಾ."

ಮೆಟ್ಟುಗತ್ತಿ ವಿಷಯ ಮಲ್ಲಿಕಾನೇ ಕೇಳಿದ್ಲು, ಒಳಗೆ ಬಂದ ಕೂಡ್ಲೇ. ಕಾಯಿಲೆ ವಾಸಿಯಾಗತ್ತಾ ಅಂತ ಕೇಳ್ಲಿಲ್ಲ, ಸುಲಿಯೋಕೆ ಕೂರಬಹುದಾ ಅಂತ ಕೇಳಿದ್ಲು.

ಊರಿಗೆ ಬಂದು ಮನೆಮನೆ ತಿರುಗಿದ್ಲು. ಮೆಟ್ಲ ಹತ್ರ ನಿಂತು ಕೇಳೋಳು. ದೇವಕಕ್ಕ, "ಅಯ್ಯೋ ನೋಡ್ದೇ ಏನೇ? ಎಷ್ಟು ಸಲ ನೋಡಿದೀನಿ!" ಅಂದ್ಲು. ಮೊದ್ಲು ಎಂತ ಆಗತ್ತೆ ದೇವಕಕ್ಕ ಅಂದ್ರೆ, "ಮೊದ್ಲು ನಾನು ಒಳಗೆ ಓಡಿ ಬೀಗ ತರ್ತೀನಿ." ಚಿಕ್ಕಕ್ಕನ್ನ ಕೇಳಿದ್ರೆ, "ನಾನು ಕಣ್ಣು ಗಟ್ಟಿ ಮುಚ್ಕಂಡು ನಮ್ಮ ಭೂತಪ್ಪಂಗೆ ಹೇಳ್ಕಳ್ತೀನಿ ಮಾರಾಯ್ತಿ, ನೋಡಿದ್ರೆ ರಾತ್ರಿ ನಿದ್ದೆ ಬರಲ್ಲ ನಂಗೆ." ಅಂಗಡಿಯೋರು, ಗದ್ದೆಯೋರು, ಎಲ್ರೂ ಇದ್ರು. ಎಲ್ರೂ ನೋಡಿದ್ರು. ಎಲ್ರೂ ನೋಡಿದ್ದು ಬಲಗೈ ಮುಷ್ಟಿ.

ಅವತ್ತು ಸಂಜೆ ಕಟ್ಟೆ ಮೇಲೆ ಕೂತು ಮಲ್ಲಿಕಾ ತನ್ನ ಎರಡೂ ಕೈ ಮಡಿಲಲ್ಲಿ ಇಟ್ಕಂಡು ನೋಡಿದ್ಲು. ಇಷ್ಟು ವರ್ಷ ಸಂತೆ ಮಧ್ಯೆ ಬಿದ್ದಿದೀನಿ, ಬಸ್ಸಲ್ಲಿ ಬಿದ್ದಿದೀನಿ, ಮದುವೆ ಮನೇಲಿ ಬಿದ್ದಿದೀನಿ. ಒಬ್ರೇ ಒಬ್ರೂ ನನ್ನ ನೋಡ್ಲಿಲ್ಲ. ಈ ಮಾತು ಅವಳು ಜೋರಾಗೇ ಅಂದ್ಲು. ಕೇಳೋಕೆ ಯಾರಿದ್ರು, ನಾಯಿ ಇತ್ತು, ಅದೂ ಎದ್ದು ಹೋಯ್ತು.

ಈಗ ಸುಬ್ಬಪ್ಪ ಬರ್ತಾನೆ. ಸುಬ್ಬಪ್ಪ ಅಂದ್ರೆ ಅಡಿಕೆ ಮರ ಹತ್ತಿ ಗೊನೆ ಇಳ್ಸೋನು. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಹಗಲೆಲ್ಲ ಮರದ ತುದೀಲಿ, ಒಂದು ಮರದಿಂದ ಇನ್ನೊಂದಕ್ಕೆ ಜೋತಾಡ್ಕಂಡೇ ಹೋಗೋನು. ಸುಳ್ಳು ಹೇಳೋದ್ರಲ್ಲಿ ಮೂರು ತಾಲೂಕಿಗೆ ಒಬ್ನೇ. ಒಂದ್ಸಲ ಕೆರೆಕಟ್ಟೆ ಕಡೆ ಮರ ಹತ್ತಿದಾಗ ಗಾಳಿಗೆ ಮರ ಬಗ್ಗಿ, ಸೀದಾ ಘಾಟಿ ಕೆಳಗೆ ಕಾರ್ಕಳದ ಹೋಟ್ಲಲ್ಲಿ ಇಳಿದು, ಟೀ ಕುಡಿದು, ಅದೇ ಮರ ವಾಪಸ್ ನೆಟ್ಟಗಾಗೋದ್ರೊಳಗೆ ಬಂದಿದ್ನಂತೆ. ಟೀ ಬಿಸಿ ಇರ್ಲಿಲ್ಲ ಅಂತ ಇವತ್ತಿಗೂ ಸಿಟ್ಟು ಅವಂಗೆ.

ಅದೇ ವಾರ, ಚಪ್ಪರದಲ್ಲಿ ಸುಬ್ಬಪ್ಪನ ಕಥೆ ಜೋರು ನಡೀತಿತ್ತು. ಮಲ್ಲಿಕಾ ಆಚೆ ಕಟ್ಟೆ ಮೇಲೆ ಎಂದಿನ ಹಾಗೆ ಕಿವಿ ಕೊಟ್ಕಂಡು ಕೂತಿದ್ಲು.

"...ಮೇಲಿಂದ ನೋಡ್ತೀನಿ, ಕೆಳಗೆ ಹುಲಿ! ನಮ್ಮ ಮಲ್ಲಿಕಾ ಬುಟ್ಟಿ ಹಿಡ್ಕಂಡು ನಿಂತಿದಾಳೆ. ಹುಲಿ ಎದ್ರಿಗೆ! ಹೆದರಿದ್ಲಾ? ಇಲ್ಲ ಮಾರಾಯ್ರೆ. ಎಡಗೈ ಹೆಬ್ಬೆಟ್ಟಲ್ಲಿ ಹಿಂಗೆ, ಹಿಂಗೆ, ಹುಲೀನ ಹತ್ರ ಕರೀತಿದಾಳೆ! ಹೆಬ್ಬೆಟ್ಟಾಯ್ತು, ಆಮೇಲೆ ಇಡೀ ಕೈಲಿ ಕರೆದ್ಲು. ಹುಲಿ ಬರ್ಲಿಲ್ಲ ಅಂತ ಎಡಗಡೆ ತುಟಿ ಸೊಟ್ಟ ಮಾಡಿ ಅಣಕಿಸಿದ್ಲು. ಹುಲಿಗೆ ಮರ್ಯಾದೆ ಹೋಗಿ ಓಡಿಹೋಯ್ತು, ಆಮೇಲೆ ಇವಳು ಬಿದ್ಲು!"

ಚಪ್ಪರ ಎಲ್ಲ ಗೊಳ್ ಅಂತು. ಮಲ್ಲಿಕಾ ನಗ್ಲಿಲ್ಲ. ಕಟ್ಟೆ ಇಳಿದು, ಎಷ್ಟೋ ವರ್ಷ ಆದ್ಮೇಲೆ ಚಪ್ಪರದೊಳಗೇ ಬಂದು ನಿಂತ್ಲು. ಕತ್ತಿಗಳೆಲ್ಲ ನಿಂತ್ವು.

"ಸುಬ್ಬಪ್ಪಣ್ಣ, ಎಡಗೈಯಾ?"

"ಎಂತದೇ?"

"ಎಡಗೈ ಅಂದೆ ನೀನು. ಎಡಗೈಯಾ?"

ಸುಬ್ಬಪ್ಪ ಆಚೀಚೆ ನೋಡ್ದ. ಕಥೆ ಮಧ್ಯದಲ್ಲಿ ಅವನನ್ನ ಯಾರೂ ಇಂಥ ಪ್ರಶ್ನೆ ಕೇಳಿರ್ಲಿಲ್ಲ. "ಹೌದು ಮಾರಾಯ್ತಿ. ನಾನು ಮರದ ಮೇಲಿದ್ದೆ, ಗೊನೆ ಅರ್ಧ ಕೊಯ್ದಾಗಿತ್ತು, ಬಿಟ್ಟು ಇಳಿಯೋಕಾಗಲ್ಲ. ನಿನ್ನಣ್ಣ ಕಬ್ಬಿಣ ಕಬ್ಬಿಣ ಅಂತ ಮನೆ ಕಡೆ ಓಡ್ದ. ನಾನೆಲ್ಲಿಗೆ ಓಡ್ಲಿ? ನೋಡ್ತಾ ಜೋತ್ಕಂಡಿದ್ದೆ."

ಮುಂದಿನ ತಿಂಗ್ಳು ಡಾಕ್ಟ್ರಮ್ಮ ಬರೋ ದಿನ ಮೂರೂ ಜನ ಕೊಪ್ಪದ ಬಸ್ಸು ಹತ್ತಿದ್ರು. ಸುಬ್ಬಪ್ಪನ್ನ ಹತ್ಸೋದೇ ಒಂದು ಕಥೆ. ಮರದ ತುದಿಗೆ ಹೆದರದೇ ಇರೋ ಮನುಷ್ಯ ಸೂಜಿಗೆ ಹೆದರ್ತಿದ್ದ. "ಅವರು ನಂಗೇ ಚುಚ್ಚಿದ್ರೆ?" ಅಂತ ಬೆಳಿಗ್ಗೆಯಿಂದ ಕೇಳಿದ್ದೇ ಕೇಳಿದ್ದು. ಜಯಪ್ರಕಾಶ ಮುಂದಿನ ಸೀಟಲ್ಲಿ ಮುಖ ಊದಿಸ್ಕಂಡು ಕೂತಿದ್ದ, ಊರಲ್ಲಿರೋ ಒಬ್ಬ ಸುಳ್ಳುಬುರುಕನ್ನ ಸಾಕ್ಷಿಗೆ ಕರ್ಕಂಡು ಹೋಗ್ತಿದೀವಲ್ಲ ಅಂತ.

ಹರಿಹರಪುರ ದಾಟಿದ್ಮೇಲೆ ಮಲ್ಲಿಕಾ ಮೆಲ್ಲಗೆ ಹೇಳಿದ್ಲು, "ಸುಬ್ಬಪ್ಪಣ್ಣ, ಡಾಕ್ಟ್ರ ಹತ್ರ ಹುಲಿ ಬೇಡ."

"ಹುಲಿ ಇಲ್ದೇ ಹೆಂಗೆ ಹೇಳೋದೇ?"

"ಬೇಡ."

"ಒಂದು ಸಣ್ಣ ಚಿರತೆ?"

"ಚಿರತೆನೂ ಬೇಡ."

"ಕಾಡುಹಂದಿ ಇರ್ಲಿ. ಮೂಲೇಲಿ ನಿಂತಿರತ್ತೆ ಅಷ್ಟೆ, ಯಾರಿಗೂ ತೊಂದ್ರೆ ಕೊಡಲ್ಲ."

"ನೀನು, ನಾನು, ಮರ. ಅಷ್ಟೇ ಸುಬ್ಬಪ್ಪಣ್ಣ."

ಅವನು ಕಿಟಕಿ ಕಡೆ ತಿರುಗಿ ಹೇಳ್ದ, "ನಿಜ ಹೇಳ್ತೀನಿ ಮಲ್ಲಿಕಾ, ಭಯ ಆಗತ್ತೆ. ಇಷ್ಟು ವರ್ಷದಲ್ಲಿ ಯಾರೂ ನಂಗೆ 'ಹೌದಾ?' ಅಂತ ಕೇಳಿಲ್ಲ. ಎಲ್ರೂ 'ಆಮೇಲೆ ಎಂತಾಯ್ತು?' ಅಂತಾನೇ ಕೇಳೋದು. ಆಮೇಲೆ ಎಂತಾಯ್ತು ಅಂದ್ರೆ ಹೇಳ್ತಾ ಹೋಗ್ಬಹುದು. ಹೌದಾ ಅಂದ್ರೆ ಎಂತ ಮಾಡೋದು?"

ಮಲ್ಲಿಕಾ ಚೀಲದಿಂದ ಒಂದು ಕಿತ್ತಳೆ ತೆಗ್ದು ಅರ್ಧ ಅವನಿಗೆ ಕೊಟ್ಲು. ಒಂದೇ ಹಣ್ಣು ಇಬ್ರು ಹಂಚಿ ತಿನ್ನದೇ ಯಾವ ಕಾಲ ಆಗಿತ್ತೋ ಇಬ್ರಿಗೂ.

ಡಾಕ್ಟ್ರಮ್ಮನ ಮುಂದೆ ಸುಬ್ಬಪ್ಪ ಕೈ ಕಟ್ಕಂಡು ನಿಂತ. "ಹೇಳಿ" ಅಂದ್ರು ಅವರು.

"ಹೇಳ್ತೀನಿ. ನಾನು ಮರದ ಮೇಲಿದ್ದೆ. ಕೆಳಗೆ..." ಅವನ ಗಂಟಲಲ್ಲಿ ಹುಲಿ ಬಂದು ನಿಂತಿತ್ತು, ಮಲ್ಲಿಕಾಗೆ ಕಾಣ್ತಿತ್ತು ಅದು. ಅವನು ಅದನ್ನ ನುಂಗ್ದ. "ಕೆಳಗೆ ಮಲ್ಲಿಕಾ ಇದ್ಲು. ಎಡಗೈ ಹೆಬ್ಬೆಟ್ಟು ಆಡ್ತು."

"ಬಲಗೈ ಡಾಕ್ಟ್ರೆ," ಅಂದ ಜಯಪ್ರಕಾಶ. "ಇವನ ಮಾತು ನಂಬ್ಬೇಡಿ. ಇವನು ಟೀ ಕುಡಿಯೋಕೆ ಮರದ ಮೇಲಿಂದ ಕಾರ್ಕಳಕ್ಕೆ ಹೋಗಿ ಬರೋನು."

ಡಾಕ್ಟ್ರಮ್ಮ ಒಬ್ಬೊಬ್ಬರ ಮುಖ ನೋಡಿದ್ರು. ಒಂದು ಕಡೆ ಇಸ್ತ್ರಿ ಶರ್ಟಿನ ಅಣ್ಣ, ಇನ್ನೊಂದು ಕಡೆ ಕಾರ್ಕಳದ ಟೀ. "ಬಾಯಲ್ಲಿ ಬೇಡ ಸುಬ್ಬಪ್ಪ, ಮಾಡಿ ತೋರ್ಸಿ" ಅಂದ್ರು.

ಅದು ಅವನಿಗೆ ಬರೋ ವಿದ್ಯೆ. ಕುರ್ಚಿ ಸರಿಸಿ ಮಧ್ಯದಲ್ಲಿ ನಿಂತ. ಸುಮ್ನೆ ನಿಂತ. ಆಮೇಲೆ ಎಡಗೈ ಹೆಬ್ಬೆಟ್ಟು ಚಟ್ ಚಟ್ ಅಂತ ಒಳಕ್ಕೆ ಮಡಚೋಕೆ ಶುರುವಾಯ್ತು. ಹೆಬ್ಬೆಟ್ಟಿಂದ ಬೆರಳುಗಳಿಗೆ, ಬೆರಳಿಂದ ಮಣಿಕಟ್ಟಿಗೆ, ಮೊಣಕೈಗೆ. ಎಡಗಡೆ ತುಟಿ ಕಿವಿ ಕಡೆ ಎಳೀತು. ಕುತ್ತಿಗೆ ಎಡಕ್ಕೆ ಮೆಲ್ಲಗೆ ತಿರುಗ್ತು, ಕಣ್ಣೂ ಅದೇ ಕಡೆ, ಹೆಗಲ ಹಿಂದೆ ಯಾರೋ ಕರೆದ ಹಾಗೆ. ಬಲಗೈ ಮಾತ್ರ ಬುಟ್ಟಿ ಹಿಡ್ದಂಗೇ ಇತ್ತು, ಏನೂ ಗೊತ್ತಿಲ್ಲದ ಪಾಪದ್ದರ ಹಾಗೆ. ಕಡೆಗೆ ಅದೂ ಸೆಟೀತು, ಸುಬ್ಬಪ್ಪ ಧೊಪ್ ಅಂತ ಬಿದ್ದ.

ಮಲ್ಲಿಕಾ ಗೋಡೆಗೆ ಒರಗಿ ಅವನನ್ನೇ ನೋಡ್ತಿದ್ಲು. ಯೋಚ್ನೆ ಮಾಡಿ ಮಾರಾಯ್ರೆ. ಅಷ್ಟು ವರ್ಷ ಅವಳ ಮೈಯಲ್ಲಿ ಆಗ್ತಿದ್ದಿದ್ದು, ಅವಳು ಅವತ್ತೇ ಮೊದ್ಲು ನೋಡಿದ್ದು.

"ಇದನ್ನ ಯಾರೂ ಕಟ್ಟಿ ಹೇಳೋಕಾಗಲ್ಲ," ಅಂದ್ರು ಡಾಕ್ಟ್ರಮ್ಮ ಮೆಲ್ಲಗೆ. "ಹೆಬ್ಬೆಟ್ಟು, ಕೈ, ತುಟಿ, ಕುತ್ತಿಗೆ. ತಲೆಯೊಳಗೆ ಅವೆಲ್ಲ ಇರೋದೇ ಒಂದರ ಪಕ್ಕ ಒಂದು, ಬೆಂಕಿ ಹಿಡಿದ ಹಾಗೆ ಹಿಡ್ಕಂಡು ಹೋಗತ್ತೆ." ಆಮೇಲೆ ಜಯಪ್ರಕಾಶನ್ನ ಕೇಳಿದ್ರು, "ಕಬ್ಬಿಣ ಯಾವ ಕೈಗೆ ಕೊಡ್ತೀರಿ?"

"ಬಲಗೈಗೇ. ಎಡಗೈಗೆ ಯಾರಾದ್ರೂ ಏನಾದ್ರೂ ಕೊಡ್ತಾರಾ ಡಾ..." ಅಲ್ಲಿಗೇ ನಿಂತ. ಅವನ ಕಿವಿ ಕೆಂಪಾಯ್ತು. ಊರೆಲ್ಲ ನೋಡಿದ್ದು ಕಬ್ಬಿಣ ಇಟ್ಟ ಕೈಯನ್ನ. ಶುರುವಾದ ಕೈಯನ್ನಲ್ಲ.

ಡಾಕ್ಟ್ರಮ್ಮ ಫಿಲಮ್ಮು ಮತ್ತೆ ಬೆಳಕಿಗೆ ಹಿಡಿದ್ರು, ಈ ಸಲ ಬಲಭಾಗ, ಹೆಬ್ಬೆಟ್ಟಿಗೆ ಅಪ್ಪಣೆ ಕೊಡೋ ಜಾಗ. ಕನ್ನಡಕ ತೆಗ್ದು ಫಿಲಮ್ಮನ್ನ ಕಣ್ಣ ಹತ್ರ ತಂದ್ರು. "ಇಲ್ಲಿದೆ ನೋಡಿ." ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆ. ಗೊತ್ತಿದ್ದು ಹುಡುಕಿದ್ರೆ ಮಾತ್ರ ಕಾಣೋದು, ಇಲ್ಲಾಂದ್ರೆ ಯಾರ ಕಣ್ಣಾದ್ರೂ ಜಾರತ್ತೆ ಅಂದ್ರು.

"ಎಂತ ಅದು?" ಅಂದ್ಲು ಮಲ್ಲಿಕಾ.

"ಯಾವುದೋ ಕಾಲದಲ್ಲಿ ಒಂದು ಹುಳದ ಮೊಟ್ಟೆ, ಕಣ್ಣಿಗೆ ಕಾಣದಷ್ಟು ಸಣ್ಣದು, ನೀರಲ್ಲೋ ಹಸಿ ಸೊಪ್ಪಲ್ಲೋ ನಿಮ್ಮ ಹೊಟ್ಟೆಗೆ ಹೋಗಿದೆ. ಅದು ಒಡೆದು, ಮರಿ ರಕ್ತದಲ್ಲಿ ತೇಲ್ಕಂಡು ತಲೆಗೆ ಹತ್ತಿ, ಅಲ್ಲಿ ಗೂಡು ಮಾಡಿ, ಅಲ್ಲೇ ಸತ್ತು, ಕಲ್ಲಾಗಿದೆ. ಆ ಕಲ್ಲಿನ ಸುತ್ತಲಿಂದ ಫಿಟ್ಸು ಹುಟ್ತಿದೆ."

ಸುಬ್ಬಪ್ಪ ನೆಲದಿಂದ ಇನ್ನೂ ಎದ್ದಿರ್ಲಿಲ್ಲ. ಬಾಯಿ ತೆಕ್ಕಂಡು ಕೂತಿದ್ದ. "ಡಾಕ್ಟ್ರಮ್ಮ," ಅಂದ ಕಡೆಗೆ, ಹೊಟ್ಟೆಕಿಚ್ಚಲ್ಲಿ, "ಇಂಥದ್ದೊಂದು ನಂಗೇ ಹೊಳೆದಿರ್ಲಿಲ್ಲ ನೋಡಿ."

ಮಾತ್ರೆ ಬದ್ಲಾಯ್ತು. ಒಂದು ಹೊತ್ತೂ ತಪ್ಪಿಸ್ಬೇಡಿ ಅಂದ್ರು. ಎರಡು ವರ್ಷ ಒಂದೂ ಬರ್ದೇ ಇದ್ರೆ ಕತ್ತಿ ಹಿಡೀಬಹುದು ಅಂದ್ರು. ಆಮೇಲೆ ಜಯಪ್ರಕಾಶಂಗೂ ಸುಬ್ಬಪ್ಪಂಗೂ ಹೇಳಿದ್ರು. ಬಂದ್ರೆ ಕಬ್ಬಿಣ ಬೇಡ, ಬಾಯಿಗೆ ನೀರೂ ಬೇಡ ಚಮಚನೂ ಬೇಡ, ಕೈಕಾಲು ಒತ್ತಿ ಹಿಡೀಬೇಡಿ. ಪಕ್ಕಕ್ಕೆ ಮಗ್ಗುಲಾಗಿ ತಿರುಗಿಸಿ, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ. ತುಂಬ ಹೊತ್ತು ನಿಲ್ದೇ ಹೋದ್ರೆ ಆಸ್ಪತ್ರೆಗೆ ತನ್ನಿ. ನಿಂತ್ರೆ, ಎಚ್ಚರಾಗೋವರೆಗೆ ಒಬ್ರು ಪಕ್ಕದಲ್ಲೇ ಕೂತಿರಿ.

ಇಲ್ಲಿಗೆ ಎಲ್ಲ ಸರಿಯಾಯ್ತು ಅಂದ್ಕಂಡ್ರಾ? ಜಯಪ್ರಕಾಶ ಊರಿಗೆ ಬಂದು ಖುಷಿಲಿ ಹೇಳ್ಬಿಟ್ಟ, ನನ್ನ ತಂಗಿಗೆ ದೆವ್ವ ಅಲ್ಲ, ಗಾಳಿ ಅಲ್ಲ, ತಲೇಲಿ ಹುಳ ಅಂತ. ಸತ್ತು ಕಲ್ಲಾಗಿದೆ ಅನ್ನೋದು ಕೇರಿ ಮುಟ್ಟೋದ್ರೊಳಗೆ ಉದುರಿಹೋಯ್ತು, ಹುಳ ಮಾತ್ರ ಉಳೀತು. "ದಾಟತ್ತಾ ಅದು?" ಅಂದ್ರು. "ಕಿವಿಯಿಂದ ಇಳಿಯತ್ತಂತೆ" ಅಂದ್ರು. ಮೊದ್ಲು ಮೆಟ್ಲ ಮೇಲೆ ಬೀಗ ಇಡು ಅಂತಿದ್ದೋರು ಈಗ ಬೇಲಿ ಹತ್ರಾನೇ ನಿಲ್ಲು ಅಂತಿದ್ರು.

ಹೊಸ ಮಾತ್ರೆ ಮೈಗೆ ಹಿಡಿಯೋಕೆ ಸ್ವಲ್ಪ ದಿನ ಬೇಕಲ್ಲ. ಆ ನಡುವೆ ಒಂದಿನ ಮಧ್ಯಾಹ್ನ ಮೆಣಸೆ ಬಸ್ ನಿಲ್ಲೋ ಜಾಗದಲ್ಲಿ ಮಲ್ಲಿಕಾಗೆ ಬಂತು. ನಿಂತಿದ್ದೋರೆಲ್ಲ ಹುಳ ಹುಳ ಅಂತ ಕಿವಿ ಮುಚ್ಕಂಡು ಓಡಿದ್ರು. ಕಬ್ಬಿಣ ತರೋಕೂ ಯಾರೂ ಬರ್ಲಿಲ್ಲ.

ಅವಳಿಗೆ ಮೊದ್ಲು ಕೇಳ್ಸಿದ್ದು ಒಂದು ದನಿ. ಮಾತು ತಿಳೀತಿರ್ಲಿಲ್ಲ, ಬಾವಿ ತಳದಲ್ಲಿ ಕೂತು ಮೇಲೆ ಯಾರೋ ಮಾತಾಡೋದನ್ನ ಕೇಳ್ದಂಗೆ. ಆಮೇಲೆ ಮಾತಾಯ್ತು.

"...ಆ ಮೀನು ಎಷ್ಟು ದೊಡ್ಡದು ಅಂದ್ರೆ ತಲೆ ಭದ್ರಾ ಡ್ಯಾಮಲ್ಲಿ, ಬಾಲ ಇಲ್ಲಿ ನಮ್ಮ ತುಂಗೇಲಿ. ನಾನು ಬಾಲ ಹಿಡ್ದೆ. ಅದು, ಸುಬ್ಬಪ್ಪ ಬಿಡೋ, ಕಚಗುಳಿ ಆಗತ್ತೆ ಅಂತು..."

ಕಣ್ಣು ಬಿಟ್ಲು. ಮಗ್ಗುಲಾಗಿ ಮಲಗಿದ್ದಾಳೆ, ತಲೆ ಕೆಳಗೆ ಬೆವರು ವಾಸನೆಯ ಟವಲ್ಲು. ರಸ್ತೆ ಎರಡೂ ಕಡೆ ಖಾಲಿ. ಪಕ್ಕದಲ್ಲಿ ಸುಬ್ಬಪ್ಪ ಚಕ್ಕಳಮಕ್ಕಳ ಹಾಕ್ಕಂಡು ಕೂತಿದಾನೆ. ಬೆದರಿ ಮುಖ ಬೆಳ್ಳಗಾಗಿದೆ. ಬಾಯಿ ಮಾತ್ರ ನಿಂತಿಲ್ಲ.

"ಮೊದಲ್ನಿಂದ ಹೇಳು ಸುಬ್ಬಪ್ಪಣ್ಣ," ಅಂದ್ಲು, ನಾಲಿಗೆ ಇನ್ನೂ ದಪ್ಪ. "ನಂಗೆ ಅರ್ಧ ಹೋಯ್ತು."

"ಮೊದ್ಲು ಎಂತ ಹೇಳ್ದೆ ನಂಗೇ ಗೊತ್ತಿಲ್ಲ ಮಾರಾಯ್ತಿ. ನೀನು ಏಳೋವರೆಗೆ ನಿಲ್ಸೋದು ಬೇಡ ಅಂತ ಹೇಳ್ತಾನೇ ಇದ್ದೆ."

ಮಲ್ಲಿಕಾ ಅಳೋಕೆ ಶುರು ಮಾಡಿದ್ಲು. ಅವನು ಗಾಬರಿಯಾಗಿ ಮೀನನ್ನ ಇನ್ನೂ ದೊಡ್ಡದು ಮಾಡ್ದ.

ಅದೇ ಕೊನೇದು. ಆಮೇಲೆ ಬರ್ಲಿಲ್ಲ. ಊರೋರು ಸುಬ್ಬಪ್ಪನ್ನ ದಿನಾ ಪರೀಕ್ಷೆ ಮಾಡಿದ್ರು, ಕಿವಿ ನೋಡಿದ್ರು, ಹುಳ ಬಂತಾ ಅಂತ. ಏನೂ ಆಗ್ಲಿಲ್ಲ. ಕಡೆಗೆ ಚಿಕ್ಕಕ್ಕನೇ, "ಇವನ ತಲೆಗೆ ಹೋಗಿದ್ರೆ ಒಳಗಿರೋ ಸುಳ್ಳು ಕೇಳೇ ಅದು ಸತ್ತಿರತ್ತೆ ಬಿಡಿ" ಅಂತ ತೀರ್ಪು ಕೊಟ್ಲು. ಮುಂದಿನ ಹಂಗಾಮಿಗೆ ಮಲ್ಲಿಕಾನ್ನ ಒಳಗೆ ಕರೆದ್ಲು, ಕತ್ತಿ ಇಲ್ಲ, ಸುಲಿದ ಅಡಿಕೆ ಆರ್ಸೋಕೆ. ಅದ್ರ ಮರುವರ್ಷನೂ ಹಂಗೇ. ಅದ್ರಾಚೆ ವರ್ಷ ಡಾಕ್ಟ್ರಮ್ಮ ಸರಿ ಅಂದ್ಮೇಲೆ, ಮೆಟ್ಟುಗತ್ತಿ ಸಿಕ್ತು. ಕೈ ಮೊದಲಿನಷ್ಟು ಚುರುಕಿಲ್ಲ ಈಗ, ಆದ್ರೂ ಪರವಾಗಿಲ್ಲ.

ಅವಳ ಎಡಗಡೆ ಇವತ್ತಿಗೂ ಒಂದಾಳು ಕೂರೋಷ್ಟು ಜಾಗ ಖಾಲಿ. ಯಾರೂ ಬೇಕು ಅಂತ ಬಿಡಲ್ಲ, ಅಭ್ಯಾಸ ಅಷ್ಟೇ. ಎಲ್ರೂ ಅವಳ ಹುಳದ ವಿಷಯ ಕೇಳ್ತಾರೆ, ಅವಳ ವಿಷಯ ಯಾರೂ ಕೇಳಲ್ಲ. ಸುಬ್ಬಪ್ಪ ಮಾತ್ರ ಕಥೆ ಮಧ್ಯೆ ನಿಲ್ಸಿ, "ಹೌದಲ್ವೇನೆ ಮಲ್ಲಿಕಾ?" ಅಂತಾನೆ, ಅವಳು, "ಹೌದು ಸುಬ್ಬಪ್ಪಣ್ಣ, ಮೀನು ಅಷ್ಟೇ ದೊಡ್ಡದು" ಅಂತಾಳೆ. ಉಳಿದೋರೆಲ್ಲ ಅವನ ಬಾಯಿ ನೋಡ್ತಿದ್ರೆ, ಅವಳು ಸುಲೀತಾ ಸುಲೀತಾ ಸುತ್ತ ಕೂತೋರ ಕೈ ನೋಡ್ತಿರ್ತಾಳೆ, ಒಬ್ಬೊಬ್ಬರದ್ದೂ, ಎರಡೂ ಕೈ.

ನೀವೂ ಇಷ್ಟೊತ್ತು ನನ್ನ ಎದ್ರಿಗೇ ಕೂತಿದ್ರಲ್ಲ, ಕಣ್ಣು ಮಿಟುಕಿಸ್ದೇ. ಈಗ ಹೇಳಿ ನೋಡಾಣ, ಹುಲಿ ಓಡಿಹೋಯ್ತು ಅಂದಾಗ ನಾನು ಯಾವ ಕೈಲಿ ತಲೆ ಕೆರ್ಕಂಡೆ? ಗೊತ್ತಿಲ್ವಾ? ಹಂಗಾದ್ರೆ ಆ ಎಲೆಅಡಿಕೆ ತಟ್ಟೆ ಪೂರ್ತಿ ನಂದು, ಇತ್ಲಾಗೆ ತಳ್ಳಿ. ಬಲಗೈಲಿ ತಳ್ಳಿ, ನಾನು ನೋಡ್ತಿದೀನಿ.